ಮನೆಗೆ ನೆಟ್: ಕೇಬಲ್ ಎಳೆಸೋದಾ, ಡಬ್ಬಿ ಇಡಿಸೋದಾ?

ಮನೆಯ ಇಂಟರ್‌ನೆಟ್ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವರದು ಒಂದೇ ಗೊಂದಲ. ಕಂಬದಿಂದ ಫೈಬರ್ ಎಳೆಸಬೇಕಾ, ಟವರ್‌ನಿಂದ ಸಿಗ್ನಲ್ ಹಿಡಿಯುವ ಏರ್‌ಫೈಬರ್ ಡಬ್ಬಿ ಸಾಕಾ? ಉತ್ತರಕ್ಕೆ ಮುಂಚೆ ನನ್ನ ಬಗ್ಗೆ ಒಂದು ಮಾತು. ನಾನು ದೂರವಾಣಿ ಇಲಾಖೆಯಲ್ಲಿ ಕೇಬಲ್ ಜಾಯಿಂಟ್ ಹಾಕುತ್ತಾ ಕೆಲಸ ಕಲಿತವನು. 2000ದಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಆಯಿತು, ನಾನು ಅಲ್ಲೇ ಇದ್ದೆ. 2020ರ ಜನವರಿಯಲ್ಲಿ ಸ್ವಯಂ ನಿವೃತ್ತಿ ತಗೊಂಡ ಸುಮಾರು 78 ಸಾವಿರ ಜನರಲ್ಲಿ ನಾನೂ ಒಬ್ಬ. ಹಾಗಾಗಿ ತಂತಿಯ ಕಡೆಗೆ ನನಗೆ ಸ್ವಲ್ಪ ಒಲವು ಜಾಸ್ತಿ. ಅಷ್ಟನ್ನು ಕಳೆದು ಓದಿಕೊಳ್ಳಿ.

ಪ್ರ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಮನೆ ಟಾರ್ ರಸ್ತೆಯಿಂದ ಸುಮಾರು 700 ಮೀಟರ್ ಒಳಗೆ, ಮಧ್ಯೆ ಅಡಿಕೆ ತೋಟ. ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಫೈಬರ್‌ನವರು ‘ಅಷ್ಟು ದೂರ ಎಳೆದರೆ ಸ್ಪೀಡ್ ಬರಲ್ಲ, ಕೇಬಲ್ ಖರ್ಚೂ ನಿಮ್ಮದೇ’ ಅನ್ನುತ್ತಾರೆ. ಏರ್‌ಫೈಬರ್‌ನವರು ‘ನಾಳೆಯೇ ಹಾಕಿಕೊಡ್ತೀವಿ’ ಅನ್ನುತ್ತಾರೆ. ಯಾವುದು ಮಾಡಲಿ? — ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉ: ಕೇಬಲ್ ಖರ್ಚು ನಿಮ್ಮದು ಅನ್ನುವ ಮಾತು ನಿಜ ಇರಬಹುದು. ಸ್ಪೀಡ್ ಬರಲ್ಲ ಅನ್ನೋದು ಸುಳ್ಳು. ದೂರ ಹೋದಷ್ಟೂ ನೆಟ್ ಕುಂಟುತ್ತಿದ್ದದ್ದು ಹಳೇ ತಾಮ್ರದ ತಂತಿಯಲ್ಲಿ. ಫೈಬರ್ ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಅದರಲ್ಲಿ ಒಂದು ಕಿಲೋಮೀಟರಿಗೆ ಕಳೆದುಹೋಗುವ ಬೆಳಕು 0.35 ಡಿಬಿ (ಡೆಸಿಬಲ್, ಬೆಳಕಿನ ನಷ್ಟದ ಅಳತೆ) ಆಸುಪಾಸು. ನಿಮ್ಮ 700 ಮೀಟರಿಗೆ ಕಾಲು ಡಿಬಿ ಆಯಿತು. ಒಂದು ಕೊಳೆ ಕನೆಕ್ಟರ್ ಅದಕ್ಕಿಂತ ಜಾಸ್ತಿ ತಿನ್ನುತ್ತದೆ. ರಸ್ತೆ ಬದಿ ಕಂಬದಲ್ಲಿ ಕೇಬಲ್ ಇದೆ ಅಂದಮೇಲೆ ನಿಮ್ಮ ಮನೆವರೆಗೆ ಬೆಳಕು ಬರೋದು ಕಷ್ಟವೇ ಅಲ್ಲ. ಕಷ್ಟ ಇರೋದು ಆ ಕೇಬಲನ್ನು ಮಳೆಗಾಲ ದಾಟಿಸೋದರಲ್ಲಿ.

ದಯವಿಟ್ಟು ಅಡಿಕೆ ಮರದಿಂದ ಮರಕ್ಕೆ ಕಟ್ಟಿಸಬೇಡಿ. ಆಷಾಢದ ಗಾಳಿಗೆ ಮರ ಓಲಾಡಿದ ಹಾಗೆ ಕೇಬಲ್ ಜಗ್ಗುತ್ತದೆ, ಒಳಗಿನ ಎಳೆ ಸೊರಗುತ್ತದೆ, ಒಂದು ದಿನ ಸೋಗೆ ಬಿದ್ದು ಕಿತ್ತೇ ಹೋಗುತ್ತದೆ. ಮಂಗಗಳ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪ್ ಒಳಗೆ ಹಾಕಿ, ಓಡಾಡುವ ದಾರಿಯ ಅಂಚಿನಲ್ಲಿ ಹೂಳಿಸಿ. ಬಸಿಗಾಲುವೆ ಗುಂಟ ಮಾತ್ರ ಬೇಡ. ವರ್ಷಾ ವರ್ಷ ಕಾಲುವೆ ಕೆತ್ತುವಾಗ ಆಳುಗಳ ಹಾರೆಗೆ ಸಿಕ್ಕೇ ಸಿಗುತ್ತದೆ. ಎಲ್ಲಿ ಹೂಳಿದ್ದೀರಿ ಅಂತ ಒಂದು ನಕ್ಷೆ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಪೈಪ್ ಪಕ್ಕ ಅಲ್ಲಲ್ಲಿ ಕಲ್ಲು ನೆಡಿಸಿ. ಎರಡು ಎಳೆಯ ಕೇಬಲ್ ಬದಲು ನಾಲ್ಕು ಎಳೆಯದ್ದು ಕೇಳಿ. ಮನೆಗೆ ಬೇಕಾಗೋದು ಒಂದೇ, ಉಳಿದವು ಮುಂದೊಂದು ದಿನಕ್ಕೆ. ಮನೆ ಹತ್ತಿರ ಹತ್ತು ಮೀಟರ್ ಸುತ್ತಿ ಹೆಚ್ಚುವರಿ ಬಿಡಿಸಿ. ಆ ಸುತ್ತು ಅಂಗೈಗಿಂತ ಸಣ್ಣದಾಗಿ ಮಡಚಬಾರದು, ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ.

ಹುಡುಗ ಬಂದು ಜೋಡಿಸಿದ ಮೇಲೆ ಬಂದು ಮುಟ್ಟಿದ ಬೆಳಕು ಎಷ್ಟು ಅಂತ ಅಳೆಯುವ, ಅವನ ಕೈಯಲ್ಲಿರುವ ಪವರ್ ಮೀಟರ್ ತೋರಿಸಲು ಹೇಳಿ. ಮೈನಸ್ 18, ಮೈನಸ್ 22 ಹೀಗೆ ಏನೋ ಬರುತ್ತದೆ. ಮೈನಸ್ 25ರ ಒಳಗಿದ್ದರೆ ನೆಮ್ಮದಿ. 27, 28 ಅಂದರೆ ಈಗಲೇ ಅಂಚಿನಲ್ಲಿದೆ, ಮೊದಲ ಮಳೆಗೆ ಮೋಡೆಮ್ಮಿನಲ್ಲಿ ಎಲ್‌ಒಎಸ್ ಅಂತ ಬರೆದಿರುವ ಕೆಂಪು ದೀಪ ಮಿನುಗುತ್ತದೆ. ‘ನೆಟ್ ಬರ್ತಿದೆಯಲ್ಲ ಸಾರ್’ ಅಂತ ಹೊರಡಲು ಬಿಡಬೇಡಿ, ಜಾಯಿಂಟ್ ಮತ್ತೆ ಹಾಕಿಸಿ. ಬಂದ ಸಂಖ್ಯೆಯನ್ನು ತಾರೀಖಿನ ಜೊತೆ ಮೋಡೆಮ್ ಪಕ್ಕದ ಗೋಡೆ ಮೇಲೆ ಪೆನ್ನಿನಲ್ಲಿ ಬರೆದಿಡಿ. ಆರು ತಿಂಗಳ ಮೇಲೆ ದೂರು ಹೇಳುವಾಗ ‘ಅವತ್ತು 20 ಇತ್ತು, ಇವತ್ತು 26 ಆಗಿದೆ’ ಅಂದರೆ ಯಾವ ಲೈನ್‌ಮನ್ನೂ ನಿಮ್ಮನ್ನು ಹಗುರವಾಗಿ ನೋಡೋದಿಲ್ಲ.

ಈಗ ಏರ್‌ಫೈಬರ್. 2022ರ ಅಕ್ಟೋಬರಿನಲ್ಲಿ ದೇಶಕ್ಕೆ 5ಜಿ ಬಂತು, ಮರುವರ್ಷವೇ ಏರ್‌ಟೆಲ್, ಜಿಯೋ ಎರಡೂ ಅದರ ಮೇಲೆ ಮನೆ ನೆಟ್ ಕೊಡಲು ಶುರು ಮಾಡಿದವು. ಛಾವಣಿ ಮೇಲೆ ಒಂದು ಬಿಳಿ ಡಬ್ಬಿ, ಅದರಿಂದ ಮನೆಯೊಳಗೆ ಒಂದು ತಂತಿ, ಒಳಗೊಂದು ವೈಫೈ ರೂಟರ್. ಟವರ್ ಕಣ್ಣಿಗೆ ಕಾಣುವ ಹಾಗಿದ್ದರೆ ಚೆನ್ನಾಗಿಯೇ ನಡೆಯುತ್ತದೆ. 5ಜಿಯ ಮುಖ್ಯ ಅಲೆಗಳು 3,300 ಮೆಗಾಹರ್ಟ್ಸ್‌ಗಿಂತ ಮೇಲಿನವು. ಅವಕ್ಕೆ ಬರೀ ಮಳೆಯಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಮಾಡೋದು ಮಳೆಯಲ್ಲಿ ನೆಂದ ಎಲೆ. ನಿಮ್ಮ ಮನೆಗೂ ಟವರಿಗೂ ಮಧ್ಯೆ ತೋಟ, ಗುಡ್ಡ, ಮತ್ತಿ ಮರ ಇದ್ದರೆ ಏಪ್ರಿಲ್‌ನಲ್ಲಿ ಸಿಕ್ಕ ಸ್ಪೀಡ್ ಜುಲೈನಲ್ಲಿ ಸಿಗೋದಿಲ್ಲ. ಕೆಲವು ಕಡೆ 5ಜಿ ಬದಲು ಟವರ್‌ನಿಂದ ನೇರ ನಿಮ್ಮ ಡಬ್ಬಿಗೇ ಗುರಿಯಿಟ್ಟ ಬೇರೆ ರೇಡಿಯೋ ಹಾಕುತ್ತಾರೆ. ಅದಕ್ಕಂತೂ ಮಧ್ಯೆ ಏನೂ ಅಡ್ಡ ಇರಬಾರದು. ಯಾವುದು ಹಾಕುತ್ತಿದ್ದಾರೆ ಅಂತ ಮೊದಲೇ ಕೇಳಿ.

ಪರೀಕ್ಷೆ ಮಾಡೋದು ಸುಲಭ. ಅದೇ ಕಂಪನಿಯ ಸಿಮ್ ಇರುವ 5ಜಿ ಫೋನ್ ಹಿಡಿದು, ಡಬ್ಬಿ ಕೂರಿಸುವ ಜಾಗದಲ್ಲೇ ನಿಂತು ಸ್ಪೀಡ್ ನೋಡಿ. ಬೆಳಗ್ಗೆ ಹತ್ತು ಗಂಟೆಗಲ್ಲ, ರಾತ್ರಿ ಎಂಟರಿಂದ ಹತ್ತರ ಒಳಗೆ. ಟವರಿನ ಸಾಮರ್ಥ್ಯ ಸಂಜೆ ಹೊತ್ತಿನ ಬೀದಿ ನಲ್ಲಿ ಇದ್ದ ಹಾಗೆ. ಎಲ್ಲರೂ ಬಿಂದಿಗೆ ಇಟ್ಟಾಗ ಎಷ್ಟು ಬರುತ್ತದೆ ಅನ್ನೋದೇ ನಿಜವಾದ ಲೆಕ್ಕ. ಫೈಬರ್‌ನಲ್ಲೂ ಹಂಚಿಕೆ ಇಲ್ಲ ಅಂತಲ್ಲ. ಒಂದು ಎಳೆಯ ಸುಮಾರು 2.5 ಗಿಗಾಬಿಟ್ಟನ್ನು 32 ಅಥವಾ 64 ಮನೆಗೆ ಸೀಳಿ ಕೊಟ್ಟಿರುತ್ತಾರೆ. ಆದರೆ ಅಲ್ಲಿ ಪಾಲುದಾರರು ಇಷ್ಟೇ ಅಂತ ಲೆಕ್ಕ ಇದೆ. ಟವರಿನ ಕೆಳಗೆ ಜಾತ್ರೆ ನಡೆದರೆ ಜಾತ್ರೆಯವರೆಲ್ಲ ನಿಮ್ಮ ಪಾಲುದಾರರೇ.

ಇಷ್ಟೆಲ್ಲ ಹೇಳಿಯೂ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಕೇಬಲ್ ತುಂಡಾದ ದಿನ ಯಾರು ಬರ್ತಾರೆ? ತುಂಡಾದ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಇರುವ ಮನುಷ್ಯ ನಿಮ್ಮ ಹೋಬಳಿಯಲ್ಲೇ ಇದ್ದಾನಾ, ಅವನ ನಂಬರ್ ನಿಮ್ಮ ಹತ್ತಿರ ಇದೆಯಾ, ಊರಿನ ಇನ್ನೆರಡು ಮನೆಯವರು ಅವನ ಬಗ್ಗೆ ಏನು ಹೇಳುತ್ತಾರೆ? ಅವನಿದ್ದರೆ ಕಣ್ಣುಮುಚ್ಚಿ ಫೈಬರ್ ಎಳೆಸಿ. ಪೇಟೆಯಿಂದ ಬರಬೇಕು, ಮೂರು ದಿನ ಆಗುತ್ತೆ ಅನ್ನುವ ಹಾಗಿದ್ದರೆ ಏರ್‌ಫೈಬರ್ ಪರೀಕ್ಷೆಯಲ್ಲಿ ಪಾಸಾದರೆ ಅದನ್ನೇ ಹಾಕಿಸಿ.

ಮಗಳ ಕೆಲಸಕ್ಕೆ ಎರಡನೇ ದಾರಿಯೂ ಇರಲೇಬೇಕು. ಬೇರೆ ಕಂಪನಿಯ ಒಂದು ಸಿಮ್, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮೂರಿನ ಟವರಿಗೂ ಹೆಚ್ಚಾಗಿ ನೆಟ್ ಬರೋದು ಅದೇ ರಸ್ತೆ ಬದಿಯ ಫೈಬರ್‌ನಲ್ಲಿ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಬಾಯಿ ಹಾಕಿದರೆ ಮನೆ ನೆಟ್ಟೂ ಹೋಯಿತು, ಟವರ್ ನೆಟ್ಟೂ ಹೋಯಿತು. ಆದ್ದರಿಂದ ಊರಿನ ಇನ್ನೊಂದು ದಿಕ್ಕಿನ ಟವರ್ ಹಿಡಿಯುವ ಸಿಮ್ ಯಾವುದು ಅಂತ ನೋಡಿ ತಗೊಳ್ಳಿ.

ಪ್ರ: 200 ಎಂಬಿಪಿಎಸ್ ಫೈಬರ್ ಇದೆ. ಮಹಡಿ ಮೇಲಿನ ಕೋಣೆಯಲ್ಲಿ 20–30 ದಾಟೋದಿಲ್ಲ. ಲೈನ್ ತೆಗೆಸಿ ಏರ್‌ಫೈಬರ್ ಹಾಕಿಸೋಣ ಅಂತಿದ್ದೇನೆ. — ಉಡುಪಿ

ಉ: ನಿಲ್ಲಿ, ನಿಲ್ಲಿ. ನಿಮ್ಮ ಜಗಳ ಲೈನಿನ ಜೊತೆ ಅಲ್ಲ, ಗೋಡೆ ಜೊತೆ. ಮುರಕಲ್ಲಿನ ದಪ್ಪ ಗೋಡೆ ಅಂತ ನಿಮ್ಮ ಪತ್ರದಲ್ಲೇ ಬರೆದಿದ್ದೀರಿ. ಏರ್‌ಫೈಬರ್ ಹಾಕಿಸಿದರೂ ಮನೆಯೊಳಗೆ ಓಡಾಡೋದು ಅದೇ ವೈಫೈ, ಅಡ್ಡ ನಿಲ್ಲೋದು ಅದೇ ಮುರಕಲ್ಲು. ‘ವೈಫೈ ಹಾಕಿಸಿದ್ದೇವೆ’ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಹೊರಗಿಂದ ಬರುವ ಲೈನ್ ಬೇರೆ, ರೂಟರಿನಿಂದ ನಿಮ್ಮ ಫೋನಿಗೆ ಬರುವ ವೈಫೈ ಬೇರೆ. ಕಾಯಿಲೆ ಯಾವುದರಲ್ಲಿದೆ ಅಂತ ಗೊತ್ತಾಗದೆ ಔಷಧಿ ಬದಲಿಸಬಾರದು.

ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ರೂಟರಿಗೆ ಜೋಡಿಸಿ ಸ್ಪೀಡ್ ನೋಡಿ. 190–200 ಬಂದರೆ ಕಂಪನಿ ತನ್ನ ಮಾತು ಉಳಿಸಿಕೊಂಡಿದೆ. ಸರಿಯಾಗಿ 94ರ ಹತ್ತಿರ ನಿಂತುಬಿಟ್ಟರೆ ಒಂದು ಮಜಾ ಇದೆ. ಆ ಸಂಖ್ಯೆ ಕಂಡ ಕೂಡಲೇ ನನಗೆ ಅರ್ಥವಾಗುತ್ತದೆ, ಎಲ್ಲೋ 100 ಎಂಬಿಪಿಎಸ್‌ನ ಹಳೇ ಪೋರ್ಟ್ ಇದೆ, ಇಲ್ಲ ಕೇಬಲ್‌ನ ಎಂಟು ತಂತಿಯಲ್ಲಿ ನಾಲ್ಕೇ ಕೂತಿವೆ. 200ರ ಪ್ಲಾನಿಗೆ 100ರ ಪೋರ್ಟ್ ಇರುವ ಮೋಡೆಮ್ ಕೊಟ್ಟು ಹೋಗಿರುವುದನ್ನು ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ. ಹಾಗಿದ್ದರೆ ಗಿಗಾಬಿಟ್ ಪೋರ್ಟ್ ಇರುವುದನ್ನೇ ಕೊಡಿ ಅಂತ ಪಟ್ಟು ಹಿಡಿಯಿರಿ.

ಕೇಬಲ್‌ನಲ್ಲಿ ಸರಿ ಬಂದರೆ ಮನೆಯೊಳಗಿನ ಕೆಲಸ ಬಾಕಿ. ರೂಟರ್ ಎಲ್ಲಿದೆ? ಟಿವಿ ಹಿಂದೆಯೋ, ಗೋದ್ರೆಜ್ ಬೀರು ಪಕ್ಕವೋ, ‘ಚೆಂದ ಕಾಣಲ್ಲ’ ಅಂತ ಚಪ್ಪಲಿ ಕಪಾಟಿನ ಒಳಗೋ? ಮನೆಯ ನಡುವೆ, ಎದೆ ಎತ್ತರಕ್ಕೆ, ಬಯಲಲ್ಲಿ ಇಡಿ. ನಿಮ್ಮ ಫೋನ್ 2.4 ಗಿಗಾಹರ್ಟ್ಸ್ ಹಿಡಿದಿದೆಯಾ, 5 ಹಿಡಿದಿದೆಯಾ ನೋಡಿ. 2.4 ಗೋಡೆ ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರದ್ದೂ ಅದರಲ್ಲೇ ತುಂಬಿರುತ್ತದೆ. 5 ವೇಗ, ಆದರೆ ಒಂದು ಮುರಕಲ್ಲಿನ ಗೋಡೆಗೇ ಸುಸ್ತಾಗುತ್ತದೆ. ವೈಫೈನ ಈ 5ಕ್ಕೂ ಮೊಬೈಲಿನ 5ಜಿಗೂ ಸಂಬಂಧ ಇಲ್ಲ.

ಮಹಡಿಗೆ ಖಾಯಂ ಪರಿಹಾರ ಅಂದರೆ ಒಂದು ಲ್ಯಾನ್ ಕೇಬಲ್ ಮೇಲೆ ಎಳೆಸಿ, ಅಲ್ಲೊಂದು ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹಂಚುವ ಡಬ್ಬಿ) ಮಾಡಿ ಇಡುವುದು. ಲ್ಯಾನ್ ಕೇಬಲ್ ಒಂದೇ ತುಂಡಾಗಿ 100 ಮೀಟರ್‌ವರೆಗೆ ಹೋಗಬಹುದು, ನಿಮ್ಮ ಮನೆ ಎಷ್ಟೇ ದೊಡ್ಡದಿದ್ದರೂ ಸಾಕು. ಪ್ಲಗ್ಗಿಗೆ ಚುಚ್ಚುವ ರೇಂಜ್ ಎಕ್ಸ್‌ಟೆಂಡರ್ ಅಗ್ಗ ಅಂತ ತರಬೇಡಿ. ಸಿಗ್ನಲ್ ಕಡ್ಡಿ ನಾಲ್ಕು ಕಾಣಿಸುತ್ತದೆ, ಸ್ಪೀಡ್ ಅರ್ಧ ಆಗುತ್ತದೆ.

ಪ್ರ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಓನರ್ ಗೋಡೆಗೆ ತೂತು ಕೊರೆಯಲು ಬಿಡೋದಿಲ್ಲ. ವರ್ಷದೊಳಗೆ ಮನೆ ಬದಲಿಸಲೂಬಹುದು. ಏರ್‌ಫೈಬರ್ ಒಳ್ಳೇದಲ್ವಾ, ಎತ್ಕೊಂಡು ಹೋಗಬಹುದು? — ಜೆ.ಪಿ. ನಗರ

ಉ: ಬಾಡಿಗೆದಾರರಿಗೆ ಏರ್‌ಫೈಬರ್ ಸರಿಯೇ. ಆದರೆ ಎರಡು ತಪ್ಪು ಕಲ್ಪನೆ ಬಿಡಿ. ಒಂದು, ತೂತು ಬೇಡ ಅನ್ನೋದು. ಟೆರೇಸ್ ಮೇಲೆ ಡಬ್ಬಿ ಇಟ್ಟರೆ ಅದರ ತಂತಿ ಕಿಟಕಿಯಿಂದಲೋ ಡಕ್ಟಿನಿಂದಲೋ ಒಳಗೆ ಬರಲೇಬೇಕು, ಟೆರೇಸಿಗೆ ಓನರ್ ಒಪ್ಪಿಗೆಯೂ ಬೇಕು. ಕಿಟಕಿ ಪಕ್ಕ ಒಳಗೇ ಇಡುವ ಮಾದರಿಯೂ ಇದೆ, ಟವರ್ ಆ ಕಿಟಕಿಯ ಕಡೆಗೇ ಇದ್ದರೆ ಮಾತ್ರ ಅದರ ಕಥೆ ನಡೆಯುತ್ತದೆ. ಎರಡು, ಎತ್ಕೊಂಡು ಹೋಗೋದು. ಕನೆಕ್ಷನ್ ನಿಮ್ಮ ವಿಳಾಸದ ಮೇಲಿರುತ್ತದೆ. ಹೊಸ ಬಡಾವಣೆಯ ಟವರಿನಲ್ಲಿ ಜಾಗ ಇದೆಯಾ ಅಂತ ಅವರು ಮತ್ತೆ ನೋಡಬೇಕು. ಇಲ್ಲ ಅಂದರೆ ಡಬ್ಬಿ ವಾಪಸ್.

ಹಾಗಾಗಿ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ‘ಎರಡು ತಿಂಗಳು ಫ್ರೀ’ ಅಂದರೂ ಸರಿ. ತಿಂಗಳಿಗೋ ಮೂರು ತಿಂಗಳಿಗೋ ಕಟ್ಟಿ. ಬಿಡುವಾಗ ಡಬ್ಬಿ, ರೂಟರ್, ಅಡಾಪ್ಟರ್ ಮೂರನ್ನೂ ಒಪ್ಪಿಸಿ, ಸೀರಿಯಲ್ ನಂಬರ್ ಇರುವ ರಸೀದಿ ಕೇಳಿ ಇಟ್ಟುಕೊಳ್ಳಿ.

ಕಟ್ಟಡದಲ್ಲಿ ಮೊದಲೇ ಯಾರಾದರೂ ಫೈಬರ್ ತಂದಿದ್ದರೆ ತೂತು ಹೊಸದಾಗಿ ಕೊರೆಯಬೇಕಾಗೋದೂ ಇಲ್ಲ, ಹಿಂದಿನ ಬಾಡಿಗೆದಾರರ ಕೇಬಲ್ಲೇ ಮೂಲೆಯಲ್ಲಿ ನೇತಾಡುತ್ತಿರಬಹುದು. ನೋಡಿ. ಆದರೆ ನಿಮ್ಮ ಬೀದಿಯಲ್ಲಿ ಎಲ್ಲಾ ಕೇಬಲ್ಲೂ ವಿದ್ಯುತ್ ಕಂಬದಿಂದ ಕಂಬಕ್ಕೆ ಬಲೆ ಕಟ್ಟಿದ ಹಾಗಿದ್ದರೆ ಒಂದು ಮಾತು ನೆನಪಿರಲಿ. ಬೆಸ್ಕಾಂ ಕಂಬದ ಮೇಲಿನ ಅನಧಿಕೃತ ಕೇಬಲ್‌ಗಳನ್ನು ಆಗಾಗ ಕತ್ತರಿಸಿ ಹಾಕುತ್ತಾರೆ. ಅದು ನ್ಯಾಯವೇ, ಪಾದಚಾರಿಗಳ ಕುತ್ತಿಗೆಗೆ ಸಿಕ್ಕಿಕೊಳ್ಳುವ ಕೇಬಲ್ ಯಾರಿಗೆ ಬೇಕು? ಆದರೆ ಅವತ್ತು ನಿಮ್ಮ ಮೀಟಿಂಗ್ ಹೋಗುತ್ತದೆ.

ಪ್ರ: ನಾನು 74 ವರ್ಷದವ. ದಾವಣಗೆರೆ. ಲ್ಯಾಂಡ್‌ಲೈನ್ ನಂಬರ್ ನೆಂಟರಿಗೆಲ್ಲ ಬಾಯಿಪಾಠ. ಈಗ ‘ತಾಮ್ರದ ಲೈನ್ ತೆಗೆಯುತ್ತೇವೆ, ಫೈಬರ್ ಮಾಡಿಕೊಳ್ಳಿ’ ಅನ್ನುತ್ತಿದ್ದಾರೆ. ನಂಬರ್ ಹೋಗುತ್ತದೆಯೇ? ಕರೆಂಟ್ ಹೋದರೆ ಫೋನ್ ಇರುತ್ತದೆಯೇ? — ಹಿರಿಯ ಓದುಗರು

ಉ: ನಂಬರ್ ಉಳಿಯುತ್ತದೆ. ಬಿಎಸ್‌ಎನ್‌ಎಲ್‌ನಲ್ಲಿ ತಾಮ್ರದಿಂದ ಫೈಬರಿಗೆ ಅದೇ ನಂಬರ್ ವರ್ಗ ಮಾಡಿಕೊಡುತ್ತಾರೆ. ಅರ್ಜಿಯಲ್ಲಿ ‘ಹಳೇ ನಂಬರ್ ಮುಂದುವರಿಸಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಅಪ್ಪಿತಪ್ಪಿಯೂ ಹಳೆಯದನ್ನು ಮೊದಲು ರದ್ದು ಮಾಡಿಸಿ, ಆಮೇಲೆ ಹೊಸದಕ್ಕೆ ಅರ್ಜಿ ಹಾಕಬೇಡಿ. ನಿಮ್ಮ ಹಳೇ ಫೋನ್ ಸೆಟ್ಟೂ ಬಿಸಾಡಬೇಕಾಗಿಲ್ಲ. ಫೈಬರ್ ಮೋಡೆಮ್ ಹಿಂದೆ ಸಣ್ಣ ಫೋನ್ ಸಾಕೆಟ್ ಇರುತ್ತದೆ, ಅದಕ್ಕೇ ಚುಚ್ಚಿದರೆ ಅದೇ ಗಂಟೆ ಬಾರಿಸುತ್ತದೆ.

ಕರೆಂಟಿನ ವಿಷಯಕ್ಕೆ ಮಾತ್ರ ನಿಮ್ಮ ಅನುಮಾನ ಸರಿ. ತಾಮ್ರದ ಲೈನಿನಲ್ಲಿ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ನಮ್ಮಲ್ಲಿ ಒಂದು ಕೋಣೆ ತುಂಬ ಬ್ಯಾಟರಿ, ಅದರ ಹಿಂದೆ ಡೀಸೆಲ್ ಎಂಜಿನ್. ಊರೆಲ್ಲ ಕತ್ತಲಾದರೂ ಡಯಲ್ ಟೋನ್ ಇರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರೋದಿಲ್ಲ. ಮನೆಯ ಮೋಡೆಮ್ ಆರಿದರೆ ಫೋನೂ ಆರಿತು. ಏರ್‌ಫೈಬರ್ ಆದರೂ ಇದೇ ಕತೆ, ಅಲ್ಲಿ ಹೊರಗಿನ ಡಬ್ಬಿಗೂ ಒಳಗಿನ ರೂಟರಿಗೂ ಎರಡಕ್ಕೂ ಕರೆಂಟ್ ಬೇಕು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಮೋಡೆಮ್ ಪ್ಲಗ್ಗನ್ನು ಅದರ ಲೈನಿಗೆ ಹಾಕಿಸಿ. ಇಲ್ಲದಿದ್ದರೆ ಮಿನಿ ಯುಪಿಎಸ್ ಅಂತ ಅಂಗೈಯಗಲದ ಡಬ್ಬಿ ಸಿಗುತ್ತದೆ. ಕೊಳ್ಳುವ ಮುಂಚೆ ಎರಡು ನೋಡಿ. ನಿಮ್ಮ ಮೋಡೆಮ್ ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ 12ರದ್ದೇ ತಗೊಳ್ಳಿ, 9ರದ್ದಲ್ಲ. ಮತ್ತೆ ಪೆಟ್ಟಿಗೆ ಮೇಲೆ 8,800 ಎಂಎಎಚ್ ಅಂತ ದೊಡ್ಡದಾಗಿ ಹಾಕಿರುತ್ತಾರೆ, ಆ ಲೆಕ್ಕ ಸಾಮಾನ್ಯವಾಗಿ ಒಳಗಿನ 3.7 ವೋಲ್ಟಿನ ಸೆಲ್ಲಿಗೆ. ಗುಣಿಸಿದರೆ ಸುಮಾರು 32 ವಾಟ್-ಅವರ್. ಮೋಡೆಮ್ 10 ವಾಟ್ ತಿಂದರೆ ಮೂರು ಗಂಟೆ. ಅಂಗಡಿಯವ ಎಂಟು ಗಂಟೆ ಅಂದರೆ ಈ ಲೆಕ್ಕ ಅವನಿಗೇ ಹೇಳಿ. ರಾತ್ರಿ ತುರ್ತಿಗೆ ಒಂದು ಮೊಬೈಲ್ ಚಾರ್ಜ್ ಮಾಡಿ ಮಗ್ಗುಲಲ್ಲಿ ಇಟ್ಟುಕೊಳ್ಳಿ, ಲ್ಯಾಂಡ್‌ಲೈನ್ ಒಂದನ್ನೇ ನೆಚ್ಚಿಕೊಳ್ಳುವ ಕಾಲ ಹೋಯಿತು.

ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದರೂ ನೆಟ್ ಹೋಗುತ್ತಿದ್ದರೆ, ಬೀದಿಗಳಿಗೆಲ್ಲ ಫೈಬರಿನ ಬೆಳಕು ಹಂಚುವ ಆಪರೇಟರನ ಯಂತ್ರಕ್ಕೆ ಬ್ಯಾಟರಿ ಇಲ್ಲ ಅಂತ ಅರ್ಥ. ಆ ಯಂತ್ರ ಎಷ್ಟೋ ಊರಲ್ಲಿ ಅಂಗಡಿಯ ಮೂಲೆಯಲ್ಲಿ, ಫ್ಯಾನ್ ಪಕ್ಕ ಇರುತ್ತದೆ. ಹೋಗಿ ನೋಡಿ, ತಪ್ಪೇನಿಲ್ಲ.

ಪ್ರ: ನಾನು ದುಬೈನಲ್ಲಿದ್ದೇನೆ. ಮೈಸೂರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ನಾಲ್ಕು ಕ್ಯಾಮೆರಾ ಹಾಕಿಸಿ ಇಲ್ಲಿಂದ ನೋಡಬೇಕು, ಅವರಿಗೆ ಟಿವಿಯೂ ಬೇಕು. ಏರ್‌ಫೈಬರ್ ಮಾಡಿಸಲೇ? — ದುಬೈ

ಉ: ಮೈಸೂರಿನಲ್ಲಿ ಫೈಬರ್ ಸಿಗುವ ಬೀದಿಯಾದರೆ ಫೈಬರ್. ಕಾರಣ ನಿಮ್ಮ ಕ್ಯಾಮೆರಾ. ಟಿವಿ ನೋಡೋದಕ್ಕೆ ಬೇಕಾಗೋದು ಡೌನ್‌ಲೋಡ್, ಕ್ಯಾಮೆರಾಗೆ ಬೇಕಾಗೋದು ಅಪ್‌ಲೋಡ್. ಈ 5ಜಿ ಅಲೆಯಲ್ಲಿ ಇಳಿಯೋದೂ ಏರೋದೂ ಒಂದೇ ದಾರಿಯಲ್ಲಿ, ಸರದಿಯ ಮೇಲೆ. ಹೆಚ್ಚಿನ ಸರದಿ ಡೌನ್‌ಲೋಡಿಗೆ ಕೊಟ್ಟಿರುತ್ತಾರೆ. 100ರ ಪ್ಲಾನಿನಲ್ಲಿ ಅಪ್‌ಲೋಡ್ ಅದರ ಸಣ್ಣ ಪಾಲು ಸಿಗಬಹುದು. ಫೈಬರ್‌ನಲ್ಲಿ ಎರಡೂ ಸಮ ಇರುವ ಪ್ಲಾನ್‌ಗಳು ಸುಲಭವಾಗಿ ಸಿಗುತ್ತವೆ.

ಇನ್ನೊಂದು ಲೆಕ್ಕ ನೋಡಿ. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ದಿನವಿಡೀ ಕ್ಲೌಡಿಗೆ ಕಳಿಸಿದರೆ ತಿಂಗಳಿಗೆ ಸುಮಾರು 650 ಜಿಬಿ. ‘ಅನ್‌ಲಿಮಿಟೆಡ್’ ಅನ್ನುವ ಏರ್‌ಫೈಬರ್ ಪ್ಲಾನುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಸಾಮಾನ್ಯವಾಗಿ ಕಾಣುವುದು 1,000 ಜಿಬಿ ಮಿತಿ, ಫೈಬರ್ ಪ್ಲಾನಿನಲ್ಲಿ 3,300ರ ಆಸುಪಾಸು. ನಾಲ್ಕು ಕ್ಯಾಮೆರಾ ಇಟ್ಟರೆ ಏರ್‌ಫೈಬರ್ ಹತ್ತನೇ, ಹನ್ನೆರಡನೇ ತಾರೀಖಿಗೇ ಮಲಗುತ್ತದೆ. ಆದ್ದರಿಂದ ಎಲ್ಲವನ್ನೂ ಕ್ಲೌಡಿಗೆ ಕಳಿಸಬೇಡಿ. ಮನೆಯಲ್ಲೇ ಮೆಮೊರಿ ಕಾರ್ಡಿಗೋ ಡಿವಿಆರ್ ಅನ್ನುವ ರೆಕಾರ್ಡಿಂಗ್ ಪೆಟ್ಟಿಗೆಗೋ ರೆಕಾರ್ಡ್ ಆಗಲಿ, ನೀವು ನೋಡಿದಾಗ ಮಾತ್ರ ಹೊರಗೆ ಬರಲಿ. ರೂಟರಿನಲ್ಲಿ ಪೋರ್ಟ್ ಅನ್ನುವ ಬಾಗಿಲು ತೆರೆದು ಹೊರಗಿಂದ ನೇರ ನೋಡುವ ಹಳೇ ಕಾಲದ ಡಿವಿಆರ್ ತರಬೇಡಿ. ಈಗ ಎಷ್ಟೋ ಮನೆಗಳನ್ನು ಇಂಟರ್‌ನೆಟ್ಟಿನ ಒಂದೇ ಪಬ್ಲಿಕ್ ವಿಳಾಸದ (ಐಪಿ) ಹಿಂದೆ ಇಟ್ಟಿರುತ್ತಾರೆ, ಹೊರಗಿಂದ ಬಾಗಿಲು ತೆರೆಯೋದಿಲ್ಲ. ಆ್ಯಪ್ ಮೂಲಕ ನೋಡುವ ಮಾದರಿಗೆ ಈ ತೊಂದರೆ ಇಲ್ಲ.

ಸುಮ್ನೆ ಒಂದು ಮಾತು. ಕ್ಯಾಮೆರಾ ಮಲಗುವ ಕೋಣೆಗೆ ಬೇಡ, ಅಪ್ಪ ಅಮ್ಮನನ್ನು ಕೇಳಿಯೇ ಹಾಕಿಸಿ. ಮತ್ತೆ ಮೋಡೆಮ್ಮಿನ ಸ್ವಿಚ್ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ: ‘ನೆಟ್ ಇಲ್ಲದಿದ್ದರೆ ಆರಿಸಿ, ನೂರು ಎಣಿಸಿ, ಹಾಕಿ.’ ಅರ್ಧಕ್ಕರ್ಧ ದೂರು ಅದರಲ್ಲೇ ಮುಗಿಯುತ್ತದೆ.

ಪ್ರ: ಆನ್‌ಲೈನ್ ಗೇಮ್ ಆಡುವಾಗ ಏರ್‌ಫೈಬರ್‌ನಲ್ಲಿ ಲ್ಯಾಗ್. ಸ್ಪೀಡ್ ಟೆಸ್ಟ್ 150 ತೋರಿಸುತ್ತದೆ! — ವಿದ್ಯಾರ್ಥಿ, ಹುಬ್ಬಳ್ಳಿ

ಉ: ಗೇಮಿಗೆ 150 ಯಾಕಪ್ಪಾ, 5 ಇದ್ದರೂ ಓಡುತ್ತದೆ. ಅದಕ್ಕೆ ಬೇಕಾಗಿರೋದು ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರುವ ಸಮಯ, ಸಮ ಇರೋದು. ಫೈಬರ್‌ನಲ್ಲಿ ಮಿಲಿಸೆಕೆಂಡ್ ಲೆಕ್ಕ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಟವರಿನಲ್ಲಿ ನಿನ್ನ ಸರದಿ ಬರಬೇಕು, ಹಾಗಾಗಿ 25 ಇದ್ದದ್ದು ಒಮ್ಮೆಲೇ 120 ಆಗುತ್ತದೆ. ಆ ಜಿಗಿತವೇ ಲ್ಯಾಗ್. ಮೊದಲು ಫೋನ್ ಬಿಟ್ಟು ಲ್ಯಾನ್ ಕೇಬಲ್‌ನಲ್ಲಿ ಕಂಪ್ಯೂಟರ್ ಜೋಡಿಸಿ ನೋಡು, ಅರ್ಧ ತಪ್ಪು ವೈಫೈದೇ ಇರಬಹುದು. ಅದಾದ ಮೇಲೂ ಜಿಗಿದರೆ ಫೈಬರ್ ಹಾಕಿಸು. ಪರೀಕ್ಷೆ ಮುಗಿದ ಮೇಲೆ.

ಪ್ರ: ಛಾವಣಿ ಮೇಲೆ 5ಜಿ ಡಬ್ಬಿ ಇಟ್ಟರೆ ಮಕ್ಕಳಿಗೆ ರೇಡಿಯೇಷನ್ ತೊಂದರೆಯೇ? — ತುಮಕೂರು

ಉ: ಆ ಡಬ್ಬಿ ಮಾಡುವ ಕೆಲಸ ನಿಮ್ಮ ಜೇಬಿನ ಫೋನ್ ಮಾಡುವುದೇ. ಅದೂ ಮೈಗೆ ಅಂಟಿಕೊಂಡಲ್ಲ, ಛಾವಣಿ ಮೇಲೆ ನಿಂತು. ಈ ಅಲೆಗಳು ಎಕ್ಸ್‌ರೇ ಜಾತಿಯವಲ್ಲ. ಟವರಿನ ವಿಕಿರಣದ ಮಿತಿಯನ್ನು ನಮ್ಮ ದೇಶ 2012ರಲ್ಲೇ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ನನಗೆ ಅದಕ್ಕಿಂತ ಭಯ ಇರೋದು ಹೆಂಚಿನ ಮೇಲೆ ಹತ್ತಿ ಡಬ್ಬಿ ಕಟ್ಟುವ ಹುಡುಗನ ಬಗ್ಗೆ, ಆಮೇಲೆ ಸಿಡಿಲಿನ ಬಗ್ಗೆ. ಗುಡುಗು ಶುರುವಾದರೆ ಡಬ್ಬಿಯ ಅಡಾಪ್ಟರ್ ಕಿತ್ತಿಡಿ, ಅದರಿಂದ ರೂಟರಿಗೆ ಬರುವ ತಂತಿಯನ್ನೂ ಕಿತ್ತಿಡಿ. ಅದು ತಾಮ್ರ. ಫೈಬರ್ ಇರುವವರೂ ಮೈಮರೆಯಬೇಡಿ. ಗಾಜು ಸಿಡಿಲು ಹೊರೋದಿಲ್ಲ ನಿಜ, ಆದರೆ ಕಂಬದಿಂದ ಬರುವ ಕೇಬಲ್ ಜೊತೆ ಬಿಗಿಯಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗಿನ ಗೋಡೆಯಲ್ಲೇ ಕತ್ತರಿಸಿ, ಬರೀ ಎಳೆಯನ್ನು ಒಳಗೆ ತರಿಸಿ.

ಪ್ರ: 399, 499 ಅಂತ ಜಾಹೀರಾತು, ಬಿಲ್ ಮಾತ್ರ ಬೇರೆಯೇ ಬರುತ್ತದೆ. ಎಷ್ಟರ ಪ್ಲಾನ್ ತಗೊಳ್ಳಲಿ? — ಹಾಸನ

ಉ: ಜಾಹೀರಾತಿನ ಬೆಲೆಗೆ 18% ಜಿಎಸ್‌ಟಿ ಸೇರಿಸಿ, 399 ಅಂದರೆ 471 ಆಯಿತು. ಹಾಕಿಸುವ ಖರ್ಚು, ಠೇವಣಿ ಬೇರೆ. ನಾಲ್ಕು ಜನರ ಮನೆಗೆ 50 ಎಂಬಿಪಿಎಸ್ ಸಾಕೋ ಸಾಕು. ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ 4ಕೆ ಚಿತ್ರಕ್ಕೆ 15, ಫುಲ್ ಎಚ್‌ಡಿಗೆ 5. ಒಂದು ವಿಡಿಯೋ ಮೀಟಿಂಗಿಗೆ 4 ಇಟ್ಟುಕೊಳ್ಳಿ. ಎಲ್ಲ ಒಟ್ಟಿಗೆ ಕೂಡಿಸಿದರೂ 50 ಮುಟ್ಟೋದು ಕಷ್ಟ. ಎಂಬಿಪಿಎಸ್ ಅಂದರೆ ಬಿಟ್ ಲೆಕ್ಕ, ಫೈಲ್ ಇಳಿಯೋದು ಬೈಟ್ ಲೆಕ್ಕದಲ್ಲಿ. 100ರ ಲೈನಿನಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿದರೆ ಅದು ಮೋಸ ಅಲ್ಲ, ಪೂರ್ತಿ ಸ್ಪೀಡ್. ಬಿಲ್ಲಿನಲ್ಲಿ ನಿಜವಾಗಿಯೂ ತಪ್ಪಿದ್ದರೆ ಫೋನಿನಲ್ಲಿ ಕೂಗಾಡಿ ಫಲವಿಲ್ಲ. ದೂರಿನ ಡಾಕೆಟ್ ನಂಬರ್ ತಗೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮದಂತೆ ಪ್ರತಿ ಕಂಪನಿಗೂ ಅಂಥದ್ದೊಂದು ಇರಲೇಬೇಕು, ಅದಕ್ಕೆ ಶುಲ್ಕ ಇಲ್ಲ.

ಪ್ರ: ನಮ್ಮ ಊರಿಗೆ ಟವರೂ ಸರಿಯಿಲ್ಲ, ಫೈಬರೂ ಇಲ್ಲ. ಪಂಚಾಯಿತಿ ಕಚೇರಿಗೆ ಮಾತ್ರ ಕೇಂದ್ರದ ಭಾರತ್‌ನೆಟ್ ಯೋಜನೆಯ ಕೇಬಲ್ ಬಂದಿದೆ. ಸ್ಯಾಟಲೈಟ್ ನೆಟ್ ಬರುವವರೆಗೆ ಕಾಯೋಣವೇ? — ಮೂಡಿಗೆರೆ ತಾಲ್ಲೂಕು

ಉ: ಕಾಯಬೇಡಿ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಕೇಂದ್ರದ ಪರವಾನಗಿ ಸಿಕ್ಕಿತು, ಅದರ ಉಪಗ್ರಹಗಳು ಕೆಲವೇ ನೂರು ಕಿ.ಮೀ. ಎತ್ತರದಲ್ಲೇ ಇರುವುದರಿಂದ ಹಳೇ ಸ್ಯಾಟಲೈಟ್ ನೆಟ್ಟಿನ ಹಾಗೆ ಎಳೆದಾಡೋದಿಲ್ಲ. ಆದರೆ ಅದಕ್ಕೂ ಬಯಲು ಆಕಾಶ ಬೇಕು, ನಿಮ್ಮ ಕಾಫಿ ತೋಟದ ಸಿಲ್ವರ್ ಓಕ್ ಕೆಳಗೆ ತಟ್ಟೆ ಇಟ್ಟರೆ ಆಗೋದಿಲ್ಲ. ನಿಮ್ಮ ಕೈಗೆ ಹತ್ತಿರ ಇರೋದು ಪಂಚಾಯಿತಿಯ ಕೇಬಲ್. ಅದು ಕಚೇರಿಯ ಕಪಾಟಿಗೆ ಮಾತ್ರ ಅಂತ ಮಾಡಿದ್ದಲ್ಲ. ಅಲ್ಲಿಂದ ಮನೆಗಳಿಗೆ ಕನೆಕ್ಷನ್ ಕೊಡಲು ಭಾರತ್‌ನೆಟ್ ಉದ್ಯಮಿ ಅನ್ನುವ ವ್ಯವಸ್ಥೆ ಇದೆ. ಸ್ಥಳೀಯರೊಬ್ಬರು ಬಿಎಸ್‌ಎನ್‌ಎಲ್ ಜೊತೆ ಪಾಲುದಾರರಾಗಿ ಕೇಬಲ್ ಎಳೆದು, ಬಿಲ್ಲಿನಲ್ಲಿ ಪಾಲು ಪಡೆಯುತ್ತಾರೆ. ಊರಲ್ಲಿ ಕೇಬಲ್ ಟಿವಿ ನಡೆಸುವವರು ಇದ್ದರೆ ಅವರನ್ನೇ ಹಿಡಿಯಿರಿ, ಕಂಬ ಹತ್ತುವ ಹುಡುಗರು ಅವರ ಹತ್ತಿರ ಮೊದಲೇ ಇರುತ್ತಾರೆ. ಬೇಕು ಅನ್ನುವ ಇಪ್ಪತ್ತು ಮೂವತ್ತು ಮನೆಯವರ ಸಹಿ ಹಾಕಿಸಿ, ಅವರನ್ನೂ ಕರೆದುಕೊಂಡು ಚಿಕ್ಕಮಗಳೂರಿನ ಬಿಎಸ್‌ಎನ್‌ಎಲ್ ಕಚೇರಿಗೆ ಹೋಗಿ. ಹೋಗುವ ಮುಂಚೆ ಪಂಚಾಯಿತಿಯಲ್ಲಿ ಆ ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ ಅಂತ ನೋಡಿಕೊಳ್ಳಿ. ಎಷ್ಟೋ ಕಡೆ ಅದರ ಪ್ಲಗ್ ಕಿತ್ತು ಫ್ಯಾನ್ ಹಾಕಿಕೊಂಡಿರುತ್ತಾರೆ.